ಕಂಪ್ಯೂಟರಿನ ಮೊದಲ ಬಗ್ ಹಿಡಿದದ್ದು ಗ್ರೇಸ್ ಹಾಪರ್ ಅವರಾ? ಫಾರ್ವರ್ಡ್‌ನಲ್ಲಿ ಇಲ್ಲದ ಅಸಲಿ ಕಥೆ

ಈ ಚಿತ್ರ ನಿಮ್ಮ ಗ್ರೂಪಿಗೂ ಬಂದಿರಬಹುದು. ಹಳೆಯ ನೋಟ್‌ಬುಕ್ಕಿನ ಹಾಳೆ, ಅದರ ಮೇಲೆ ಟೇಪ್ ಹಚ್ಚಿ ಅಂಟಿಸಿದ ಸತ್ತ ಪತಂಗ, ಪಕ್ಕದಲ್ಲಿ ಪೆನ್ನಿನಲ್ಲಿ ಬರೆದ ಕೆಲವು ಸಾಲು. ಜೊತೆಗಿರುವ ಸಂದೇಶದ ಸಾರಾಂಶ ಇಷ್ಟು: 1945ರಲ್ಲಿ ಅಮೆರಿಕದ ನೌಕಾಪಡೆಯ ಗ್ರೇಸ್ ಹಾಪರ್ ಎಂಬ ಮಹಿಳೆ ಕಂಪ್ಯೂಟರಿನೊಳಗೆ ಹುಳು ಹಿಡಿದರು, ಪ್ರೋಗ್ರಾಮಿನ ತಪ್ಪಿಗೆ ಬಗ್ ಅನ್ನುವ ಹೆಸರು ಬಂದದ್ದು ಅಂದಿನಿಂದಲೇ, ಜಗತ್ತಿನ ಮೊದಲ ಕಂಪೈಲರ್ ಮತ್ತು ಕೋಬಾಲ್ ಭಾಷೆಯನ್ನೂ ಅವರೊಬ್ಬರೇ ಸೃಷ್ಟಿಸಿದರು. ಕೊನೆಯಲ್ಲಿ ಹತ್ತು ಜನರಿಗೆ ಕಳಿಸಿ ಎಂಬ ಎಂದಿನ ಮಾತು.

ಕಮಲಾಪುರದಿಂದ ಕಲಬುರಗಿಗೆ ದಿನಾ ಬಸ್ಸಿನಲ್ಲಿ ಬಂದು ಹೋಗುವ ಇಂಜಿನಿಯರಿಂಗ್ ವಿದ್ಯಾರ್ಥಿಯೊಬ್ಬರು ಇದನ್ನು ನಮಗೆ ಕಳಿಸಿ ಎರಡು ಪ್ರಶ್ನೆ ಕೇಳಿದ್ದರು. ಇದು ನಿಜವಾ ಅನ್ನುವುದು ಮೊದಲನೆಯದು. ಎರಡನೆಯದು ನಮಗೆ ಇನ್ನೂ ಹಿಡಿಸಿತು. ಅವರ ಗೆಳೆಯರಲ್ಲಿ ಒಂದು ವಾದ ನಡೆಯುತ್ತಿದೆಯಂತೆ. ಅರ್ಧ ಪದ ಬರೆದರೆ ಪೂರ್ತಿ ಮಾಡಿಕೊಡುವ, ತಪ್ಪಿನ ಕೆಳಗೆ ಕೆಂಪು ಗೆರೆ ಎಳೆಯುವ ಸಾಫ್ಟ್‌ವೇರ್ ಇಟ್ಟುಕೊಂಡು ಕೋಡ್ ಬರೆಯುವುದು ಕಾಪಿ ಹೊಡೆದಂತೆ, ನಿಜವಾದ ಪ್ರೋಗ್ರಾಮರ್ ಆದವರು ಎಲ್ಲವನ್ನೂ ತಲೆಯಲ್ಲಿಟ್ಟುಕೊಂಡು ಬರೀ ನೋಟ್‌ಪ್ಯಾಡಿನಲ್ಲಿ ಬರೆಯುತ್ತಾರೆ ಅಂತ. ಇದು ಎಷ್ಟು ಸರಿ?

ಎರಡನೇ ಪ್ರಶ್ನೆಗೆ ಉತ್ತರ ಹಾಪರ್ ಅವರ ಬದುಕಿನಲ್ಲೇ ಇದೆ. ಮೊದಲು ಹುಳುವಿನ ಲೆಕ್ಕ ಮುಗಿಸೋಣ.

ಹುಳು ನಿಜ, ಕಥೆ ಅರ್ಧ ನಿಜ

ಹಾಳೆ ಅಸಲಿ, ಪತಂಗವೂ ಅಸಲಿ. ದಿನಾಂಕ ಮಾತ್ರ 1945 ಅಲ್ಲ, 1947ರ ಸೆಪ್ಟೆಂಬರ್ 9. ಜಾಗ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯ, ಯಂತ್ರದ ಹೆಸರು ಮಾರ್ಕ್-2. ಆಗಿನ ಆ ಯಂತ್ರಗಳಲ್ಲಿ ಚಿಪ್ ಇರಲಿಲ್ಲ, ರಿಲೇಗಳಿದ್ದವು. ಮನೆಯ ಸ್ಟೆಬಿಲೈಜರ್‌ನಿಂದ ಟಕ್ ಟಕ್ ಅಂತ ಸದ್ದು ಬರುತ್ತದಲ್ಲ, ಅದು ರಿಲೇಯ ಸದ್ದು. ಕರೆಂಟ್ ಹರಿದಾಗ ಎಳೆದುಕೊಂಡು ಮುಚ್ಚುವ ಸಣ್ಣ ಸ್ವಿಚ್ ಅದು. ಮಾರ್ಕ್-2ರ ಎಫ್ ಪ್ಯಾನೆಲ್ಲಿನ 70ನೇ ರಿಲೇಯಲ್ಲಿ ಒಂದು ಪತಂಗ ಸಿಕ್ಕಿಕೊಂಡಿತ್ತು. ಯಂತ್ರ ನಡೆಸುತ್ತಿದ್ದವರು ಅದನ್ನು ತೆಗೆದು ಲಾಗ್‌ಬುಕ್ಕಿಗೆ ಅಂಟಿಸಿ, ಬಗ್ ಒಂದು ನಿಜವಾಗಿ ಕೈಗೆ ಸಿಕ್ಕ ಮೊದಲ ಸಂದರ್ಭ ಇದು ಅನ್ನುವ ಅರ್ಥದಲ್ಲಿ ಒಂದು ಸಾಲು ಬರೆದರು.

ಅದು ತಮಾಷೆ. ಬಗ್ ಅನ್ನುವ ಪದ ಮೊದಲೇ ಬಳಕೆಯಲ್ಲಿ ಇಲ್ಲದಿದ್ದರೆ ಆ ತಮಾಷೆಗೆ ಅರ್ಥವೇ ಇರುತ್ತಿರಲಿಲ್ಲ. ಯಂತ್ರದ ಸಣ್ಣಪುಟ್ಟ ದೋಷಕ್ಕೆ ಥಾಮಸ್ ಎಡಿಸನ್ 1878ರಲ್ಲೇ ತಮ್ಮ ಪತ್ರದಲ್ಲಿ ಈ ಪದ ಬಳಸಿದ್ದಾರೆ. ಹುಳು ಸಿಕ್ಕಾಗ ಹಾಪರ್ ಅಲ್ಲಿರಲಿಲ್ಲ, ಅದನ್ನು ಅವರೇ ಒಪ್ಪಿಕೊಂಡಿದ್ದಾರೆ. ಆದರೆ ಮುಂದೆ ತಮ್ಮ ಭಾಷಣಗಳಲ್ಲಿ ಈ ಕಥೆಯನ್ನು ಅವರು ಎಷ್ಟು ಚಂದ ಹೇಳಿದರೆಂದರೆ, ಹುಳು ಹಿಡಿದ ಕೀರ್ತಿ ಅವರ ಕೊರಳಿಗೇ ಬಿತ್ತು. ಲಾಗ್‌ಬುಕ್ ಈಗ ವಾಷಿಂಗ್ಟನ್ನಿನ ಸ್ಮಿತ್ಸೋನಿಯನ್ ಸಂಸ್ಥೆಯ ಅಮೆರಿಕನ್ ಇತಿಹಾಸದ ವಸ್ತುಸಂಗ್ರಹಾಲಯದಲ್ಲಿದೆ.

ಮುಂದಿನ ಸಲ ಆ ಚಿತ್ರ ಬಂದಾಗ ಹುಳುವನ್ನು ಬಿಟ್ಟು ಎಡಗಡೆ ನೋಡಿ. ಪ್ರತಿ ಸಾಲಿನ ಮುಂದೆ ಸಮಯ ಬರೆದಿದೆ. ಬೆಳಿಗ್ಗೆ 11ಕ್ಕೆ ಯಾವ ಪರೀಕ್ಷೆ ಶುರು ಮಾಡಿದೆವು, ಮಧ್ಯಾಹ್ನ 3.25ಕ್ಕೆ ಯಾವುದು, 3.45ಕ್ಕೆ ಏನು ಸಿಕ್ಕಿತು, ಎಲ್ಲ ದಾಖಲಾಗಿದೆ. ನಮ್ಮ ದೃಷ್ಟಿಯಲ್ಲಿ ಆ ಹಾಳೆಯ ಬೆಲೆ ಇರುವುದು ಈ ಸಾಲುಗಳಲ್ಲಿ.

ಏಳು ಗಡಿಯಾರ ಬಿಚ್ಚಿದ ಹುಡುಗಿ

ಗ್ರೇಸ್ ಬ್ರೂಸ್ಟರ್ ಮರ್ರೆ ಹುಟ್ಟಿದ್ದು 1906ರ ಡಿಸೆಂಬರ್ 9ರಂದು, ನ್ಯೂಯಾರ್ಕಿನಲ್ಲಿ. ಏಳು ವರ್ಷದವಳಿದ್ದಾಗ ಅಲಾರಂ ಗಡಿಯಾರ ಹೇಗೆ ನಡೆಯುತ್ತದೆ ಎಂದು ತಿಳಿಯಬೇಕಾಯಿತು. ಒಂದನ್ನು ಬಿಚ್ಚಿದಳು, ಮತ್ತೆ ಜೋಡಿಸಲು ಬರಲಿಲ್ಲ. ನೋಡಿಕೊಂಡು ಜೋಡಿಸೋಣ ಎಂದು ಇನ್ನೊಂದು ಬಿಚ್ಚಿದಳು. ಹೀಗೆ ಮನೆಯಲ್ಲಿದ್ದ ಏಳೂ ಗಡಿಯಾರ ಬಿಚ್ಚಿಕೊಂಡು ಕೂತಾಗ ತಾಯಿ ಕಂಡರು. ಬೈದು ಬಿಡಿಸಲಿಲ್ಲ, ಇನ್ನು ಮೇಲೆ ಒಂದೇ ಗಡಿಯಾರ ನಿನ್ನದು ಎಂದು ಕಟ್ಟುಪಾಡು ಹಾಕಿದರು. ಬಿಚ್ಚಲು ಒಂದನ್ನಾದರೂ ಕೊಟ್ಟರಲ್ಲ, ಅದು ನಮಗೆ ದೊಡ್ಡ ವಿಷಯವಾಗಿ ಕಾಣುತ್ತದೆ.

ವಾಸರ್ ಕಾಲೇಜಿನಲ್ಲಿ ಗಣಿತ ಮತ್ತು ಭೌತವಿಜ್ಞಾನ ಓದಿ 1928ರಲ್ಲಿ ಪದವಿ ಪಡೆದರು. ಯೇಲ್ ವಿಶ್ವವಿದ್ಯಾಲಯದಲ್ಲಿ 1930ರಲ್ಲಿ ಸ್ನಾತಕೋತ್ತರ ಪದವಿ, 1934ರಲ್ಲಿ ಗಣಿತದಲ್ಲಿ ಡಾಕ್ಟರೇಟ್. 1930ರಲ್ಲಿ ವಿನ್ಸೆಂಟ್ ಹಾಪರ್ ಅವರನ್ನು ಮದುವೆಯಾದರು. 1945ರಲ್ಲಿ ವಿಚ್ಛೇದನವಾಯಿತು, ಹೆಸರು ಮಾತ್ರ ಉಳಿಯಿತು. ನಡುವಿನ ವರ್ಷಗಳಲ್ಲಿ ವಾಸರ್‌ನಲ್ಲಿ ಮೇಡಂ ಆಗಿ ಗಣಿತ ಕಲಿಸಿದರು.

ಎರಡನೇ ಮಹಾಯುದ್ಧ ಬಂದಾಗ ನೌಕಾಪಡೆ ಸೇರಲು ಹೊರಟರು. ವಯಸ್ಸು ಹೆಚ್ಚು, ತೂಕ ಕಡಿಮೆ ಎಂಬ ಅಡ್ಡಿ ಬಂತು. ಇರಬೇಕಾದುದಕ್ಕಿಂತ ಏಳು ಕಿಲೋದಷ್ಟು ಕಡಿಮೆ ಇದ್ದರು. ವಿನಾಯಿತಿ ಪಡೆದು 1943ರ ಡಿಸೆಂಬರಿನಲ್ಲಿ ಮೀಸಲು ಪಡೆ ಸೇರಿಯೇಬಿಟ್ಟರು. ತರಬೇತಿಯಲ್ಲಿ ತಂಡಕ್ಕೆ ಮೊದಲಿಗರಾಗಿ 1944ರ ಬೇಸಿಗೆಯಲ್ಲಿ ಅಧಿಕಾರಿಯಾದರು. ಹಡಗಿನ ಮೇಲೆ ಅಲ್ಲ, ಹಾರ್ವರ್ಡಿನ ಒಂದು ನೆಲಮಾಳಿಗೆಗೆ ಅವರನ್ನು ಕಳಿಸಲಾಯಿತು.

ಅಂಟು ಹಚ್ಚಿ ಮಾಡಿದ ಲೂಪ್

ಅಲ್ಲಿ ಹೊವರ್ಡ್ ಐಕೆನ್ ಎಂಬ ಕಟ್ಟುನಿಟ್ಟಿನ ಮುಖ್ಯಸ್ಥರು, ಮಾರ್ಕ್-1 ಎಂಬ ಯಂತ್ರ. ಉದ್ದ 51 ಅಡಿ, ಎತ್ತರ 8 ಅಡಿ, ತೂಕ ಸುಮಾರು 5 ಟನ್. ಸೆಕೆಂಡಿಗೆ 3 ಕೂಡುವ ಲೆಕ್ಕ ಮಾಡುತ್ತಿತ್ತು, ಒಂದು ಗುಣಾಕಾರಕ್ಕೆ 6 ಸೆಕೆಂಡ್, ಭಾಗಾಕಾರಕ್ಕೆ 15 ಸೆಕೆಂಡಿಗೂ ಹೆಚ್ಚು. ಇಂದು ನಗು ಬರಬಹುದು, ಆದರೆ ಹಗಲು ರಾತ್ರಿ ದಣಿಯದೆ ಲೆಕ್ಕ ಹಾಕುವ ಯಂತ್ರಗಳು ಅಂದು ಬಹಳ ಕಡಿಮೆ. ಐಕೆನ್ ಹೊಸಬರಿಗೆ ಯಂತ್ರ ತೋರಿಸಿದವರೇ ಒಂದು ಲೆಕ್ಕ ಕೊಟ್ಟು, ಮುಂದಿನ ಗುರುವಾರದೊಳಗೆ ಬೇಕು ಎಂದರಂತೆ.

ಈಗ ಕೋಡ್ ಬರೆಯುವವರು ಒಂದು ಕೆಲಸವನ್ನು ನೂರು ಸಲ ಮಾಡಿಸಲು ಲೂಪ್ ಎಂಬ ಎರಡು ಸಾಲು ಬರೆಯುತ್ತಾರೆ. ಮಾರ್ಕ್-1ಕ್ಕೆ ಆದೇಶ ಹೋಗುತ್ತಿದ್ದದ್ದು ತೂತು ಹೊಡೆದ ಕಾಗದದ ಪಟ್ಟಿಯಲ್ಲಿ. ಲೂಪ್ ಬೇಕೆಂದರೆ ಪಟ್ಟಿಯ ಕೊನೆಯನ್ನು ತಲೆಗೆ ತಂದು ಅಂಟಿಸಿ ಬಳೆಯಂತೆ ಮಾಡುತ್ತಿದ್ದರು. ಲೂಪ್ ಅಂದರೆ ಸಾಕ್ಷಾತ್ ಲೂಪ್. ಒಂದು ತೂತು ತಪ್ಪಾದರೆ ಉತ್ತರ ತಪ್ಪು, ಎಲ್ಲಿ ತಪ್ಪಾಯಿತು ಎಂದು ಹೇಳಲು ಕೆಂಪು ಗೆರೆ ಇಲ್ಲ. ಯಂತ್ರವನ್ನು ಹೇಗೆ ನಡೆಸಬೇಕು ಎಂದು ಬರೆಯುವ ಕೆಲಸವೂ ಹಾಪರ್ ಮೇಲೆಯೇ ಬಿತ್ತು. 1946ರಲ್ಲಿ ಅಚ್ಚಾದ ಆ ಕೈಪಿಡಿ 561 ಪುಟ.

ಈ ನೆಲಮಾಳಿಗೆಯಲ್ಲಿ ಹಾಪರ್ ಮತ್ತು ಸಹೋದ್ಯೋಗಿಗಳಾದ ರಿಚರ್ಡ್ ಬ್ಲಾಕ್, ರಾಬರ್ಟ್ ಕ್ಯಾಂಪ್‌ಬೆಲ್ ಒಂದು ಅಭ್ಯಾಸ ಬೆಳೆಸಿಕೊಂಡರು. ಸರಿಯಾಗಿ ಕೆಲಸ ಮಾಡುತ್ತದೆಂದು ಖಾತ್ರಿಯಾದ ಆದೇಶಗಳ ತುಂಡುಗಳನ್ನು ನೋಟ್‌ಬುಕ್ಕಿನಲ್ಲಿ ಬರೆದಿಡುವುದು, ಇನ್ನೊಬ್ಬರಿಗೆ ಬೇಕಾದಾಗ ಕೊಡುವುದು. ಒಬ್ಬರಿಗೆ ಸೈನ್ ಬೆಲೆ ಬೇಕಾದರೆ ಮತ್ತೊಬ್ಬರ ಪುಸ್ತಕದಿಂದ ಇಳಿಸಿಕೊಂಡರಾಯಿತು. ಅಲ್ಲಿ ಇದನ್ನು ಯಾರೂ ಕಾಪಿ ಎಂದು ಬೈಯಲಿಲ್ಲ, ಯುದ್ಧದ ಕಾಲದಲ್ಲಿ ಅಷ್ಟು ಪುರಸೊತ್ತು ಯಾರಿಗೂ ಇರಲಿಲ್ಲ.

ಆದರೆ ಇಳಿಸಿಕೊಳ್ಳುವುದರಲ್ಲೇ ತೊಂದರೆ. ಆ ತುಂಡು ಹೊಸ ಪ್ರೋಗ್ರಾಮಿನೊಳಗೆ ಕೂರಬೇಕಾದರೆ ಅದರಲ್ಲಿರುವ ವಿಳಾಸದ ಸಂಖ್ಯೆಗಳಿಗೆಲ್ಲ ಮತ್ತೊಂದು ಸಂಖ್ಯೆ ಕೂಡಿಸಬೇಕು. ಕೂಡಿಸುವಾಗ ತಪ್ಪುತ್ತಿತ್ತು. ಬರೆದುಕೊಳ್ಳುವಾಗ ಬಿ ಅಕ್ಷರ 13ರಂತೆ ಕಂಡು 13 ಆಗುತ್ತಿತ್ತು, 4 ಅನ್ನುವುದು ಗ್ರೀಕ್ ಡೆಲ್ಟಾ ಆಗುತ್ತಿತ್ತು. ಡಾಕ್ಟರೇಟ್ ಪಡೆದ ಗಣಿತಜ್ಞರಿಗೂ ಈ ತಪ್ಪು ಬಿಡಲಿಲ್ಲ. ಪ್ರೋಗ್ರಾಮರುಗಳಿಗೆ ಕೂಡಿಸಲೂ ಬಾರದು, ನಕಲು ಮಾಡಲೂ ಬಾರದು ಎಂದು ಹಾಪರ್ ಮುಂದೆ ನಗುತ್ತಾ ಹೇಳಿಕೊಳ್ಳುತ್ತಿದ್ದರು.

ಇಲ್ಲಿ ಸ್ವಲ್ಪ ನಿಲ್ಲೋಣ. ಕಲಬುರಗಿಯ ಲ್ಯಾಬುಗಳಲ್ಲಿ ನಾವು ಮತ್ತೆ ಮತ್ತೆ ಕಂಡದ್ದು ಇದನ್ನೇ. ಹಳ್ಳಿಯಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿ ಬಂದವರು, ಸ್ವಂತ ಲ್ಯಾಪ್‌ಟಾಪ್ ಇಲ್ಲ, ವಾರಕ್ಕೆ ಕೆಲವೇ ತಾಸು ಕಂಪ್ಯೂಟರ್ ಸಿಗುತ್ತದೆ. ಆ ತಾಸಿನಲ್ಲಿ ಅರ್ಧ ಒಂದು ಬಿಟ್ಟುಹೋದ ಸೆಮಿಕೋಲನ್ ಹುಡುಕುವುದರಲ್ಲಿ ಕಳೆಯುತ್ತದೆ. ನನಗೆ ಇದರ ತಲೆ ಇಲ್ಲ ಎಂದು ತೀರ್ಮಾನಿಸಿ ಸುಮ್ಮನಾದವರು ಒಬ್ಬಿಬ್ಬರಲ್ಲ. ತಲೆ ಇಲ್ಲದ್ದಕ್ಕೆ ಆದ ತಪ್ಪಲ್ಲ ಅದು. ಮನುಷ್ಯರ ಕಣ್ಣು ಮತ್ತು ಕೈ ಇರುವುದೇ ಹೀಗೆ.

ಶೇಂಗಾ ಹಿಂಡಿಯ ಡಬ್ಬಿ

ಯುದ್ಧ ಮುಗಿದ ಮೇಲೆ ಹಾಪರ್ ಕೆಲವು ವರ್ಷ ಹಾರ್ವರ್ಡಿನಲ್ಲೇ ಉಳಿದರು. ಅವು ಒಳ್ಳೆಯ ವರ್ಷಗಳಲ್ಲ. ಮದುವೆ ಮುರಿದಿತ್ತು, ಕುಡಿತ ಹೆಚ್ಚಾಗಿತ್ತು, ಅಲ್ಲಿ ಕಾಯಂ ಹುದ್ದೆಯೂ ಸಿಗುವಂತಿರಲಿಲ್ಲ. 1949ರಲ್ಲಿ ಫಿಲಡೆಲ್ಫಿಯಾದ ಎಕರ್ಟ್-ಮಾಕ್ಲಿ ಕಂಪನಿ ಸೇರಿದರು. ಯೂನಿವ್ಯಾಕ್ ಎಂಬ ಕಂಪ್ಯೂಟರ್ ತಯಾರಾಗುತ್ತಿದ್ದ ಜಾಗ ಅದು. ಮರುವರ್ಷ ರೆಮಿಂಗ್ಟನ್ ರ್‍ಯಾಂಡ್ ಕಂಪನಿ ಅದನ್ನು ಕೊಂಡಿತು.

ಆ ಕಂಪನಿಯ ಬೈನ್ಯಾಕ್ ಎಂಬ ಇನ್ನೊಂದು ಯಂತ್ರಕ್ಕಾಗಿ ಅವರು ಎಂಟರ ಆಧಾರದ ಸಂಖ್ಯೆಗಳಲ್ಲಿ ಲೆಕ್ಕ ಕಲಿತರು. ಅಲ್ಲಿ 7 ಆದ ಮೇಲೆ 10 ಬರುತ್ತದೆ, 8 ಮತ್ತು 9 ಇಲ್ಲವೇ ಇಲ್ಲ. ಕಲಿಕೆ ಎಷ್ಟು ಮೈಗೂಡಿತೆಂದರೆ ಸ್ವಂತ ಬ್ಯಾಂಕ್ ಖಾತೆಯ ಲೆಕ್ಕ ತಿಂಗಳುಗಟ್ಟಲೆ ಹೊಂದಲಿಲ್ಲ. ಬ್ಯಾಂಕಿನಲ್ಲಿದ್ದ ತಮ್ಮನನ್ನು ಕೇಳಿದರು. ಅಕ್ಕ ಆಗೊಮ್ಮೆ ಈಗೊಮ್ಮೆ ಎಂಟರ ಆಧಾರದಲ್ಲಿ ಕಳೆಯುತ್ತಿದ್ದಾಳೆ ಎಂದು ಅವನೇ ಪತ್ತೆ ಮಾಡಿದ. ಯಂತ್ರಕ್ಕೆ ಬೇಕೆಂದು ಮನುಷ್ಯರು ತಮ್ಮ ತಲೆ ತಿರುಚಿಕೊಳ್ಳಬೇಕೋ, ಮನುಷ್ಯರಿಗೆ ಒಗ್ಗುವುದನ್ನು ಯಂತ್ರವೇ ಕಲಿಯಬೇಕೋ ಎಂಬ ಪ್ರಶ್ನೆ ಅವರನ್ನು ಹಿಡಿಯಿತು.

ಅಷ್ಟರಲ್ಲಿ ಸಹೋದ್ಯೋಗಿ ಬೆಟಿ ಹೋಲ್ಬರ್ಟನ್ ಒಂದು ದಾರಿ ತೋರಿಸಿದ್ದರು. 1951ರಲ್ಲಿ ಅವರು ಬರೆದ ಪ್ರೋಗ್ರಾಮಿಗೆ ಮಾಹಿತಿಯ ವಿವರ ಕೊಟ್ಟರೆ, ಅದು ಆ ಮಾಹಿತಿಯನ್ನು ಜೋಡಿಸಿ ಇಡುವ ಇನ್ನೊಂದು ಪ್ರೋಗ್ರಾಮನ್ನು ತಾನೇ ಬರೆದುಕೊಡುತ್ತಿತ್ತು. ಕಂಪ್ಯೂಟರ್ ಪ್ರೋಗ್ರಾಮ್ ಬರೆಯಬಲ್ಲದು ಎಂಬುದನ್ನು ತಾವು ಕಂಡದ್ದು ಇಲ್ಲೇ ಎಂದು ಹಾಪರ್ ಯಾವಾಗಲೂ ಅವರಿಗೆ ಶ್ರೇಯ ಕೊಟ್ಟಿದ್ದಾರೆ. ಫಾರ್ವರ್ಡುಗಳಲ್ಲಿ ಹೋಲ್ಬರ್ಟನ್ ಹೆಸರು ನಮಗಂತೂ ಕಂಡಿಲ್ಲ.

1951-52ರಲ್ಲಿ ಹಾಪರ್ ಮಾಡಿದ್ದನ್ನು ನಮ್ಮ ಕಡೆಯ ಅಡುಗೆಮನೆಯ ಲೆಕ್ಕದಲ್ಲಿ ಹೇಳಿದರೆ ಸುಲಭ. ದಿನಾ ರೊಟ್ಟಿಗೆ ಕೂರುವಾಗ ಯಾರೂ ಶೇಂಗಾ ಹುರಿದು ಕುಟ್ಟುವುದಿಲ್ಲ. ಒಂದು ದಿನ ಹದವಾಗಿ ಹಿಂಡಿ ಕುಟ್ಟಿ ಡಬ್ಬಿಗೆ ತುಂಬಿಡುತ್ತಾರೆ. ಗುರೆಳ್ಳಿನದು ಇನ್ನೊಂದು ಡಬ್ಬಿ, ಅಗಸಿಯದು ಮತ್ತೊಂದು. ಪರೀಕ್ಷಿಸಿಟ್ಟ ಆದೇಶದ ತುಂಡುಗಳು ಅಂಥ ಡಬ್ಬಿಗಳು, ಅವಕ್ಕೆ ಸಬ್‌ರೂಟೀನ್ ಎಂದು ಹೆಸರು. ಹಾಪರ್ ಪ್ರತಿ ಡಬ್ಬಿಗೂ ಒಂದು ನಂಬರ್ ಕೊಟ್ಟು, ಎಲ್ಲವನ್ನೂ ಮ್ಯಾಗ್ನೆಟಿಕ್ ಟೇಪಿನಲ್ಲಿ ಇಟ್ಟರು. ಯಾವ ಡಬ್ಬಿ, ಯಾವ ಕ್ರಮದಲ್ಲಿ, ಯಾವುದರ ಮೇಲೆ ಎಂದು ಪಟ್ಟಿ ಕೊಟ್ಟರೆ ಸಾಕು. ಹುಡುಕುವುದು, ಇಳಿಸುವುದು, ವಿಳಾಸ ಕೂಡಿಸುವುದು ಎಲ್ಲ ಕಂಪ್ಯೂಟರಿನ ಕೆಲಸ. ಇದಕ್ಕೆ ಎ-0 ಎಂದು ಹೆಸರು. 1952ರ ಮೇ ತಿಂಗಳಲ್ಲಿ ಪಿಟ್ಸ್‌ಬರ್ಗಿನ ಸಭೆಯೊಂದರಲ್ಲಿ ಈ ಬಗ್ಗೆ ಪ್ರಬಂಧ ಮಂಡಿಸಿದರು.

ಬರೆಯುವಾಗ ಒಂದು ತೊಡಕು ಬಂತು. ಇನ್ನೂ ತಯಾರಾಗದ ಮುಂದಿನ ಭಾಗಕ್ಕೆ ಜಿಗಿ ಎನ್ನಬೇಕಾದರೆ, ಅದರ ವಿಳಾಸವೇ ಇನ್ನೂ ಗೊತ್ತಿಲ್ಲ. ಕಾಲೇಜಿನಲ್ಲಿ ಬಾಸ್ಕೆಟ್‌ಬಾಲ್ ಆಡುತ್ತಿದ್ದ ಹಾಪರ್‌ಗೆ ಆಟ ನೆನಪಾಯಿತು. ಚೆಂಡನ್ನು ನೇರ ಮುಂದೆ ಕೊಡಲು ಆಗದಿದ್ದರೆ ಪಕ್ಕದವರಿಗೆ ಎಸೆದು, ತಾನು ಮುಂದೆ ಓಡಿ, ಮತ್ತೆ ಅವರಿಂದ ಪಡೆಯುವುದು. ಮೆಮೊರಿಯ ಒಂದು ಮೂಲೆಯನ್ನು ಆ ಪಕ್ಕದ ಆಟಗಾರ್ತಿಯಂತೆ ಬಳಸಿ ಸಮಸ್ಯೆ ಬಗೆಹರಿಸಿದರು.

ನಡೆಯುವ ಕಂಪೈಲರ್ ಕೈಯಲ್ಲಿದ್ದರೂ ಯಾರೂ ಅದನ್ನು ಮುಟ್ಟಲಿಲ್ಲ ಎಂದು ಅವರು ನೆನಪಿಸಿಕೊಂಡಿದ್ದಾರೆ. ಕಂಪ್ಯೂಟರ್ ಲೆಕ್ಕ ಮಾಡಬಲ್ಲದೇ ಹೊರತು ಪ್ರೋಗ್ರಾಮ್ ಬರೆಯಲಾರದು ಎಂಬುದು ಅಂದಿನವರ ಗಟ್ಟಿ ನಂಬಿಕೆ. ಕಷ್ಟಪಟ್ಟು ಕಲಿತ ವಿದ್ಯೆಯನ್ನು ಯಂತ್ರ ಮಾಡಿಬಿಟ್ಟರೆ ತಮ್ಮ ಬೆಲೆ ಏನು ಎಂಬ ಅಳುಕೂ ಹಲವರಿಗೆ ಇತ್ತು. ಕಮಲಾಪುರದ ವಿದ್ಯಾರ್ಥಿಯ ಗೆಳೆಯರು ಇಂದು ಮಾಡುತ್ತಿರುವ ವಾದಕ್ಕೆ ಹೀಗೆ 70 ವರ್ಷ ದಾಟಿದೆ.

ಹಾಗಾದರೆ ಎ-0 ಜಗತ್ತಿನ ಮೊದಲ ಕಂಪೈಲರಾ? ಕಂಪೈಲರ್ ಅನ್ನುವ ಹೆಸರು ಅವರ ಈ ಕೆಲಸದಿಂದಲೇ ಹರಡಿತು. ಆದರೆ ಎ-0 ಮಾಡುತ್ತಿದ್ದ ಕೆಲಸವನ್ನು ಇಂದಿನ ಮಾತಿನಲ್ಲಿ ಲಿಂಕರ್, ಲೋಡರ್ ಎನ್ನುವುದು ಹೆಚ್ಚು ಸರಿ. ಅದೇ 1952ರಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರ್‌ನಲ್ಲಿ ಆಲಿಕ್ ಗ್ಲೆನಿ ಇಂದಿನ ಅರ್ಥಕ್ಕೆ ಹತ್ತಿರವಾದ ಆಟೋಕೋಡ್ ಮಾಡಿದ್ದರು. ಮೊದಲಿಗರು ಯಾರು ಎಂಬ ಪಟ್ಟಕ್ಕಿಂತ ನಮಗೆ ಇನ್ನೊಂದು ಸಂಗತಿ ಮುಖ್ಯ. ಮುಂದಿನ ಆವೃತ್ತಿಯಾದ ಎ-2 ತಯಾರಾದಾಗ ಗ್ರಾಹಕರಿಗೆ ಅದರ ಮೂಲ ಕೋಡನ್ನೇ ಕೊಟ್ಟು, ಸುಧಾರಿಸಿದರೆ ನಮಗೂ ಕಳಿಸಿ ಎಂದು ಕೇಳಿದ್ದರು. ಹಾರ್ವರ್ಡಿನ ನೋಟ್‌ಬುಕ್ ಈಗ ಊರೂರು ತಿರುಗತೊಡಗಿತ್ತು.

ಫ್ರೆಂಚ್ ಬಂದರೆ ಕನ್ನಡ ಯಾಕಿಲ್ಲ

ಹಾಪರ್ ಇಲ್ಲಿಗೆ ನಿಲ್ಲಲಿಲ್ಲ. ವ್ಯಾಪಾರದ ಲೆಕ್ಕ ನೋಡುವವರಿಗೆ ಗಣಿತದ ಚಿಹ್ನೆ ಬೇಡ, ಅವರು ಆಡುವ ಮಾತಿನಲ್ಲೇ ಆದೇಶ ಕೊಡುವಂತಿರಲಿ ಎಂದು ಇಂಗ್ಲಿಷ್ ಪದಗಳ ಭಾಷೆಯೊಂದನ್ನು ಪ್ರಸ್ತಾಪಿಸಿದರು. ಕಂಪನಿ ಮೊದಲು ಒಪ್ಪಲಿಲ್ಲ. ತಂಡದೊಂದಿಗೆ ಸಣ್ಣ ಮಾದರಿ ಮಾಡಿ ಮೇಲಿನವರಿಗೆ ತೋರಿಸುವಾಗ ಉತ್ಸಾಹದಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋದರು. ಅದೇ ಪ್ರೋಗ್ರಾಮನ್ನು ಫ್ರೆಂಚ್ ಪದಗಳಲ್ಲಿ, ಆಮೇಲೆ ಜರ್ಮನ್ ಪದಗಳಲ್ಲಿ ನಡೆಸಿ ತೋರಿಸಿದರು. ಮೇಲಿನವರು ಬೆಚ್ಚಿಬಿದ್ದರು. ಫಿಲಡೆಲ್ಫಿಯಾದಲ್ಲಿ ಮಾಡಿದ ಅಮೆರಿಕದ ಕಂಪ್ಯೂಟರ್ ಫ್ರೆಂಚ್, ಜರ್ಮನ್ ಅರ್ಥ ಮಾಡಿಕೊಳ್ಳುವುದು ಹೇಗೆ ಸಾಧ್ಯ ಎಂದು ನಂಬಲೇ ಇಲ್ಲ. ನಾವು ಇಂಗ್ಲಿಷ್ ಬಿಟ್ಟು ಬೇರೆ ಮಾಡುವುದಿಲ್ಲ ಎಂದು ಮನವರಿಕೆ ಮಾಡಲು ತಿಂಗಳುಗಳು ಹಿಡಿದವು ಎಂದು ಹಾಪರ್ ಮುಂದೆ ಹೇಳಿದ್ದಾರೆ.

ಅವರಿಗೆ ಇದು ತೀರಾ ಸರಳ ಸಂಗತಿ. ಕಂಪ್ಯೂಟರಿಗೆ ಇಂಗ್ಲಿಷೂ ಬಾರದು, ಫ್ರೆಂಚೂ ಬಾರದು. ಅದಕ್ಕೆ ಕಾಣುವುದು ಒಂದು ಗುರುತು, ಆ ಗುರುತಿಗೆ ಯಾವ ಕೆಲಸ ಎಂದು ಬರೆದಿಟ್ಟ ಪಟ್ಟಿ. ಕಂಪ್ಯೂಟರಿಗೆ ಸಂಸ್ಕೃತವೇ ಅತ್ಯುತ್ತಮ ಭಾಷೆ ಎಂದು ನಾಸಾ ಹೇಳಿದೆ ಎಂಬ ಇನ್ನೊಂದು ಫಾರ್ವರ್ಡ್ ಇದೆಯಲ್ಲ, ಅದು ಎಡವುವುದೂ ಇಲ್ಲೇ. ಅದರ ಮೂಲ ರಿಕ್ ಬ್ರಿಗ್ಸ್ ಎಂಬ ಸಂಶೋಧಕರ 1985ರ ಒಂದು ಲೇಖನ. ಸಂಸ್ಕೃತದಲ್ಲಿ ಪ್ರೋಗ್ರಾಮ್ ಬರೆಯಬೇಕೆಂದು ನಾಸಾ ಎಲ್ಲೂ ಸಾರಿಲ್ಲ.

ಕನ್ನಡದ ಮಾತಿಗೆ ಬರೋಣ. ಕನ್ನಡ ಲಿಪಿ 1991ರ ಮೊದಲ ಯೂನಿಕೋಡ್ ಆವೃತ್ತಿಯಲ್ಲೇ ಇದೆ. 2008ರಲ್ಲಿ ಬಂದ ಪೈಥಾನ್ 3ರಿಂದ ಹೆಸರುಗಳನ್ನು ಇಂಗ್ಲಿಷಿನಲ್ಲೇ ಇಡಬೇಕೆಂಬ ಕಟ್ಟಳೆ ಇಲ್ಲ. ಜಿಐ ಟ್ಯಾಗ್ ಪಡೆದ ಕಮಲಾಪುರದ ಕೆಂಪು ಬಾಳೆಯ ಲೆಕ್ಕ ಹಾಕುವ ಪ್ರೋಗ್ರಾಮ್ ಬರೆಯುತ್ತೀರಿ ಎಂದುಕೊಳ್ಳಿ. ತೂಕ = 12 ಎಂದು ಒಂದು ಸಾಲು, ದರ = 60 ಎಂದು ಇನ್ನೊಂದು, ಒಟ್ಟು = ತೂಕ * ದರ ಎಂದು ಮೂರನೆಯದು. ಹೀಗೇ ಕನ್ನಡದಲ್ಲೇ ಟೈಪ್ ಮಾಡಿ, ಒಟ್ಟು ಎಷ್ಟೆಂದು ಪ್ರಿಂಟ್ ಮಾಡಿಸಿ ನೋಡಿ, 720 ಬರುತ್ತದೆ. ಇಫ್, ಪ್ರಿಂಟ್ ಮುಂತಾದ ಕೆಲವು ಪದಗಳು ಇಂಗ್ಲಿಷಿನಲ್ಲೇ ಇರಬೇಕು, ಅವು ಬೆರಳೆಣಿಕೆಯಷ್ಟು. ಕಂಪನಿ ಕೆಲಸದಲ್ಲಿ ಹೆಸರುಗಳನ್ನು ಇಂಗ್ಲಿಷಿನಲ್ಲಿಡುವುದೇ ರೂಢಿ, ಅದನ್ನು ಮುಚ್ಚಿಡುವುದಿಲ್ಲ. ಆದರೆ ಕಲಿಯುವ ಮೊದಲ ತಿಂಗಳಲ್ಲಿ ಇಂಗ್ಲಿಷ್ ಬಾರದ್ದಕ್ಕೂ ಲಾಜಿಕ್ ತಿಳಿಯದ್ದಕ್ಕೂ ಗಂಟು ಹಾಕಿಕೊಂಡವರಿಗೆ ಇದು ಆ ಗಂಟು ಬಿಚ್ಚುತ್ತದೆ.

ಹಾಪರ್ ತಂಡದ ಇಂಗ್ಲಿಷ್ ಪದಗಳ ಭಾಷೆ ಫ್ಲೋ-ಮ್ಯಾಟಿಕ್ ಎಂಬ ಹೆಸರಿನಲ್ಲಿ ಬಳಕೆಗೆ ಬಂತು. ಕಲಬುರಗಿಯಲ್ಲಿ ಪಿಡಿಎ ಇಂಜಿನಿಯರಿಂಗ್ ಕಾಲೇಜು ಶುರುವಾದದ್ದು 1958ರಲ್ಲಿ. ಮರುವರ್ಷ, 1959ರ ಮೇ ತಿಂಗಳಲ್ಲಿ, ಎಲ್ಲ ಕಂಪನಿಯ ಯಂತ್ರಗಳಲ್ಲೂ ನಡೆಯುವ ಒಂದೇ ವ್ಯಾಪಾರಿ ಭಾಷೆ ಬೇಕೆಂದು ಪೆಂಟಗನ್ನಿನಲ್ಲಿ ಸಭೆ ಸೇರಿತು. ಅದರಿಂದ ಹುಟ್ಟಿದ್ದು ಕೋಬಾಲ್. ಅದನ್ನು ರೂಪಿಸಿದ್ದು ಸಮಿತಿ, ಅದರಲ್ಲಿ ಜೀನ್ ಸ್ಯಾಮೆಟ್ ಮುಂತಾದವರ ದುಡಿಮೆ ದೊಡ್ಡದು. ಹಾಪರ್ ಸಲಹೆಗಾರರಾಗಿದ್ದರು, ಅವರ ಫ್ಲೋ-ಮ್ಯಾಟಿಕ್ ಅದಕ್ಕೆ ತಳಪಾಯವಾಯಿತು. 1960ರ ಡಿಸೆಂಬರಿನಲ್ಲಿ ಒಂದೇ ಕೋಬಾಲ್ ಪ್ರೋಗ್ರಾಮ್ ಎರಡು ಬೇರೆ ಕಂಪನಿಗಳ ಕಂಪ್ಯೂಟರಿನಲ್ಲಿ ನಡೆಯಿತು. ಜಗತ್ತಿನ ಎಷ್ಟೋ ಬ್ಯಾಂಕುಗಳ ಲೆಕ್ಕ ಇಂದಿಗೂ ಕೋಬಾಲಿನಲ್ಲಿ ನಡೆಯುತ್ತಿದೆ.

ಹಾಗಾದರೆ ಕೆಂಪು ಗೆರೆ ಮೋಸವಾ?

ಈಗ ಎರಡನೇ ಪ್ರಶ್ನೆ. ಕೋಡ್ ಬರೆಯಲು, ನಡೆಸಲು, ತಪ್ಪು ಹುಡುಕಲು ಬೇಕಾದ ಎಲ್ಲವೂ ಒಂದೇ ಕಡೆ ಇರುವ ಸಾಫ್ಟ್‌ವೇರಿಗೆ ಡೆವಲಪ್‌ಮೆಂಟ್ ಎನ್ವಿರಾನ್‌ಮೆಂಟ್, ಚಿಕ್ಕದಾಗಿ ಐಡಿಇ ಎನ್ನುತ್ತಾರೆ. ನಮ್ಮ ಎಷ್ಟೋ ಕಾಲೇಜುಗಳಲ್ಲಿ ಕಂಡ ನೀಲಿ ಪರದೆಯ ಟರ್ಬೋ ಸಿ 1987ರದ್ದು, ಅದೂ ಐಡಿಇಯೇ. ಈಗ ಹೆಚ್ಚು ಬಳಕೆಯಲ್ಲಿರುವುದು 2015ರಲ್ಲಿ ಬಂದ ವಿಎಸ್ ಕೋಡ್. ಇದು ಮೂಲತಃ ಎಡಿಟರ್, ಎಕ್ಸ್‌ಟೆನ್ಷನ್ ಹಾಕಿಕೊಂಡರೆ ಐಡಿಇಯ ಕೆಲಸವನ್ನೆಲ್ಲ ಮಾಡುತ್ತದೆ, ಉಚಿತವಾಗಿ ಸಿಗುತ್ತದೆ. ಎ-0ಗೆ ಇಳಿಸಿಕೊಳ್ಳುವ, ಕೂಡಿಸುವ ಕೆಲಸ ಒಪ್ಪಿಸಿದಂತೆ, ಇಲ್ಲಿ ಹೆಸರು ತಪ್ಪಿಲ್ಲದೆ ಬರೆಯುವ, ಆವರಣ ಮುಚ್ಚಿದೆಯಾ ಎಂದು ನೋಡುವ ಕೆಲಸವನ್ನು ಯಂತ್ರಕ್ಕೆ ಒಪ್ಪಿಸುತ್ತೇವೆ. ನಾವು ಇದನ್ನು ಮೋಸ ಎನ್ನುವುದಿಲ್ಲ. ಯಾವ ಲೆಕ್ಕ, ಯಾವ ಕ್ರಮದಲ್ಲಿ ಎಂಬುದನ್ನು ಯೋಚಿಸುವುದು ನಿಮ್ಮ ಪಾಲಿಗೇ ಉಳಿಯುತ್ತದೆ. ಆ ಯೋಚನೆಯನ್ನೂ ಯಂತ್ರಕ್ಕೆ ಬಿಟ್ಟು, ಅದು ಕೊಟ್ಟದ್ದನ್ನು ಓದದೆ ಒತ್ತುತ್ತಾ ಹೋದರೆ ಅದು ಬೇರೆ ಕಥೆ. ಪೆನ್ನು ಹಿಡಿದು ಬರೆಯುವ ಪರೀಕ್ಷೆ ಇದ್ದರೆ ಅದಕ್ಕೆ ಕೈಯಲ್ಲಿ ಬರೆದೇ ಅಭ್ಯಾಸ ಮಾಡಬೇಕು.

ಸಿಕ್ಕ ಲ್ಯಾಬ್ ತಾಸು ಉಳಿಯಬೇಕೆಂದರೆ ಕೆಲವು ಕೆಲಸ ಇವತ್ತೇ ಮಾಡಬಹುದು. ಇಪ್ಪತ್ತು ಎರರ್ ಬಂದರೆ ಗಾಬರಿಯಾಗದೆ ಮೊದಲನೆಯದನ್ನು ಮಾತ್ರ ಓದಿ, ಸರಿಪಡಿಸಿ, ಮತ್ತೆ ನಡೆಸಿ. ಉಳಿದವು ಬಹಳ ಸಲ ಅದರದ್ದೇ ಬಾಲ. ಸಿ ಭಾಷೆಯಲ್ಲಿ 7ನೇ ಸಾಲಿನ ಸೆಮಿಕೋಲನ್ ಬಿಟ್ಟುಹೋಗಿದ್ದರೆ ಕಂಪೈಲರ್ ಎಷ್ಟೋ ಸಲ 8ನೇ ಸಾಲನ್ನು ದೂರುತ್ತದೆ, ಹಾಗಾಗಿ ಒಂದು ಸಾಲು ಮೇಲೂ ನೋಡಿ. ವಿಎಸ್ ಕೋಡಿನಲ್ಲಿ ಒಂದು ಹೆಸರಿನ ಮೇಲೆ ಎಫ್2 ಒತ್ತಿ ಹೊಸ ಹೆಸರು ಕೊಟ್ಟರೆ ಆ ಹೆಸರು ಇರುವಲ್ಲೆಲ್ಲ ಬದಲಾಗುತ್ತದೆ. ಬಿ ಹೋಗಿ 13 ಆಗುವ ಕಾಟ ಇಲ್ಲ. ಎಫ್12 ಒತ್ತಿದರೆ ಆ ಡಬ್ಬಿಯಲ್ಲಿ ಏನು ತುಂಬಿದೆ ಎಂದು ತೋರಿಸುತ್ತದೆ. ನಮ್ಮ ಅನುಭವದಲ್ಲಿ ಅತಿ ಹೆಚ್ಚು ಸಮಯ ಉಳಿಸುವುದು ಎಫ್9. ಅನುಮಾನವಿರುವ ಸಾಲಿನಲ್ಲಿ ಅದನ್ನು ಒತ್ತಿದರೆ ಕೆಂಪು ಚುಕ್ಕೆ ಬೀಳುತ್ತದೆ, ಎಫ್5ರಿಂದ ನಡೆಸಿದಾಗ ಪ್ರೋಗ್ರಾಮ್ ಅಲ್ಲಿ ನಿಲ್ಲುತ್ತದೆ. ಆಗ ತೂಕದಲ್ಲಿ ಎಷ್ಟಿದೆ, ದರದಲ್ಲಿ ಎಷ್ಟಿದೆ ಎಂದು ಕಣ್ಣಾರೆ ನೋಡಬಹುದು. ಊಹಿಸುವುದನ್ನು ಬಿಟ್ಟು 70ನೇ ರಿಲೇವರೆಗೆ ನಡೆದುಹೋಗಿ ನೋಡಿದಂತೆ.

ಜೊತೆಗೆ ಒಂದು ಅಗ್ಗದ ನೋಟ್‌ಬುಕ್ ಇರಲಿ. ಎಷ್ಟು ಗಂಟೆಗೆ ಏನು ಬದಲಿಸಿದೆ, ಏನಾಯಿತು. ಲ್ಯಾಪ್‌ಟಾಪ್ ಇಲ್ಲದವರು ಪೈಥಾನ್ ನಡೆಸುವ ಉಚಿತ ಆ್ಯಪನ್ನು ಫೋನಿನಲ್ಲೇ ಹಾಕಿಕೊಂಡು, ಕಮಲಾಪುರದ ಬಸ್ಸಿನಲ್ಲಿ ಕೂತೇ ಸಣ್ಣ ಪ್ರೋಗ್ರಾಮುಗಳನ್ನು ಪರೀಕ್ಷಿಸಿಟ್ಟುಕೊಂಡರೆ ಲ್ಯಾಬಿಗೆ ಬರುವಾಗ ನಿಮ್ಮ ಡಬ್ಬಿಗಳು ತುಂಬಿರುತ್ತವೆ.

ಕಲಬುರಗಿಯಿಂದ ಕಮಲಾಪುರಕ್ಕೆ ಎಷ್ಟು ಸುರುಳಿ?

1966ರ ಕೊನೆಗೆ, 60ನೇ ವಯಸ್ಸಿನಲ್ಲಿ, ನೌಕಾಪಡೆ ಹಾಪರ್ ಅವರನ್ನು ನಿವೃತ್ತಿಗೊಳಿಸಿತು. ಮರುವರ್ಷ ಆಗಸ್ಟಿನಲ್ಲಿ ಆರು ತಿಂಗಳ ಕೆಲಸವಿದೆ ಎಂದು ಮತ್ತೆ ಕರೆಯಿತು. ನೌಕಾಪಡೆಯ ಕಂಪ್ಯೂಟರುಗಳಲ್ಲಿ ಕೋಬಾಲ್ ಒಂದೇ ರೀತಿ ಇರುವಂತೆ ಮಾಡುವ ಕೆಲಸ. ಆರು ತಿಂಗಳು ಸುಮಾರು ಎರಡು ದಶಕಗಳಾಯಿತು. 1969ರಲ್ಲಿ ಕಂಪ್ಯೂಟರ್ ವೃತ್ತಿಪರರ ಸಂಘವೊಂದು ತನ್ನ ಮೊತ್ತಮೊದಲ ವರ್ಷದ ವ್ಯಕ್ತಿ ಪ್ರಶಸ್ತಿಗೆ ಅವರನ್ನು ಆರಿಸಿತು. ಪ್ರಶಸ್ತಿಯ ಇಂಗ್ಲಿಷ್ ಹೆಸರಿನಲ್ಲಿ ವ್ಯಕ್ತಿ ಎಂದಲ್ಲ, ಗಂಡಸು ಎಂದೇ ಇತ್ತು.

ಈ ವರ್ಷಗಳಲ್ಲಿ ಅವರ ಭಾಷಣ ಕೇಳಿದವರಿಗೆ ಒಂದು ತುಂಡು ತಂತಿ ಸಿಗುತ್ತಿತ್ತು, ಸುಮಾರು 30 ಸೆಂಟಿಮೀಟರ್. ಒಂದು ನ್ಯಾನೋಸೆಕೆಂಡಿನಲ್ಲಿ, ಅಂದರೆ ಸೆಕೆಂಡಿನ ನೂರು ಕೋಟಿಯಲ್ಲಿ ಒಂದು ಭಾಗದಲ್ಲಿ, ಬೆಳಕು ಸಾಗುವ ದೂರ ಅದು. ಉಪಗ್ರಹದ ಮೂಲಕ ಸಂದೇಶ ಹೋಗಲು ಯಾಕೆ ತಡ ಎಂದು ಅಡ್ಮಿರಲ್‌ಗಳು ಕೇಳಿದಾಗ ಅವರು ಈ ತಂತಿ ತೋರಿಸುತ್ತಿದ್ದರು. ಅದರ ಸಾವಿರ ಪಟ್ಟು ಉದ್ದದ, ಸುಮಾರು 300 ಮೀಟರಿನ ಸುರುಳಿಯೂ ಅವರ ಬಳಿ ಇತ್ತು, ಅದು ಮೈಕ್ರೋಸೆಕೆಂಡ್. ಸಮಯ ಪೋಲು ಮಾಡುವ ಪ್ರೋಗ್ರಾಮರುಗಳ ಮೇಜಿನ ಮೇಲೆ ಇದನ್ನು ನೇತುಹಾಕಬೇಕು ಎಂದು ಚೇಷ್ಟೆ ಮಾಡುತ್ತಿದ್ದರು. ನಮ್ಮ ಲೆಕ್ಕ ಹೇಳುವುದಾದರೆ, ಕಲಬುರಗಿಯಿಂದ ಕಮಲಾಪುರಕ್ಕೆ ನೇರ ಗೆರೆ ಎಳೆದರೂ 30 ಕಿಲೋಮೀಟರಿಗೆ ಕಡಿಮೆ ಇಲ್ಲ. ಅಂಥ ನೂರು ಸುರುಳಿ ಬಿಚ್ಚಿದರೂ ಊರು ಮುಟ್ಟುವುದು ಅನುಮಾನ. ಬೆಳಕಿಗೆ ಮಾತ್ರ ಒಂದು ಮಿಲಿಸೆಕೆಂಡಿನ ಹತ್ತನೇ ಒಂದು ಭಾಗಕ್ಕಿಂತ ಚೂರು ಹೆಚ್ಚು ಸಮಯ ಸಾಕು.

ಅವರ ಕಚೇರಿಯ ಗೋಡೆ ಗಡಿಯಾರದ ಮುಳ್ಳುಗಳು ಹಿಂದುಮುಂದಾಗಿ ತಿರುಗುತ್ತಿದ್ದವು. ಯಾವಾಗಲೂ ಹೀಗೇ ಮಾಡಿದ್ದೇವೆ ಎಂಬ ಉತ್ತರ ಅವರಿಗೆ ಆಗುತ್ತಿರಲಿಲ್ಲ. ಆ ಗಡಿಯಾರ ನೋಡಿ ಸಮಯ ಹೇಳುವುದನ್ನು ಬಂದವರೆಲ್ಲ ಒಂದೆರಡು ದಿನದಲ್ಲಿ ಕಲಿಯುತ್ತಿದ್ದರು.

1986ರ ಆಗಸ್ಟ್ 14ರಂದು, 79ನೇ ವಯಸ್ಸಿನಲ್ಲಿ, ರಿಯರ್ ಅಡ್ಮಿರಲ್ ಹಾಪರ್ ಕೊನೆಯ ಬಾರಿ ನಿವೃತ್ತರಾದರು. ಸಮಾರಂಭ ನಡೆದದ್ದು ಬಾಸ್ಟನ್ನಿನಲ್ಲಿ, ಕಾನ್‌ಸ್ಟಿಟ್ಯೂಷನ್ ಎಂಬ ಹಳೆಯ ಹಾಯಿಹಡಗಿನ ಮೇಲೆ. ಅಲ್ಲಿಂದ ಡಿಜಿಟಲ್ ಇಕ್ವಿಪ್‌ಮೆಂಟ್ ಕಂಪನಿಗೆ ಸಲಹೆಗಾರರಾಗಿ ಹೋಗಿ ಮತ್ತೆ ಭಾಷಣ ಶುರು ಮಾಡಿದರು. 1992ರ ಜನವರಿ 1ರಂದು ನಿದ್ದೆಯಲ್ಲೇ ತೀರಿಕೊಂಡರು. ಆರ್ಲಿಂಗ್ಟನ್ ಸೈನಿಕ ಸ್ಮಶಾನದಲ್ಲಿ ಅವರ ಸಮಾಧಿ ಇದೆ. ಅಮೆರಿಕದ ನೌಕಾಪಡೆಯ ಒಂದು ಯುದ್ಧನೌಕೆಗೆ ಅವರ ಹೆಸರು, ಅದು 1997ರಿಂದ ಸಮುದ್ರದಲ್ಲಿದೆ. 2022ರಲ್ಲಿ ಎನ್ವಿಡಿಯಾ ಕಂಪನಿ ಎಐ ಕೆಲಸಕ್ಕೆಂದು ತಂದ ಚಿಪ್ಪುಗಳ ವಿನ್ಯಾಸದ ಹೆಸರು ಹಾಪರ್. ಅದೇ ಕಂಪನಿಯ ಇನ್ನೊಂದು ಚಿಪ್ಪಿನ ಹೆಸರು ಗ್ರೇಸ್.